ಆರುನೂರೈವತ್ತು ಪದಗಳ ಪಂಪ್‌ಸೆಟ್ಟು

ನಮ್ಮ ಕಡೆ ಇಂಜಿನಿಯರ್ ಆಗಹೊರಟವರನ್ನು ‘ಯಾಕಪ್ಪ ಆಗ್ತೀಯ’ ಎಂದು ಕೇಳುವ ಪದ್ಧತಿಯಿಲ್ಲ. ಮಾರ್ಕ್ಸ್ ಎಷ್ಟು ಎಂದು ಕೇಳುತ್ತಾರೆ. ಸೀಟು ಎಲ್ಲಿ ಎಂದು ಕೇಳುತ್ತಾರೆ. ಸರ್ಕಾರಿ ಸೀಟೋ ಮ್ಯಾನೇಜ್‌ಮೆಂಟೋ ಎಂಬುದನ್ನು ಮಾತ್ರ ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಬೂಕನಕೆರೆಯ ಟೀ ಅಂಗಡಿ ಮುಂದೆ ಹುಡುಗನೊಬ್ಬ ನಿಂತು ‘ನನಗೆ ಚಿಕ್ಕಂದಿನಿಂದಲೂ ಯಂತ್ರಗಳೆಂದರೆ ಬಹಳ ಕುತೂಹಲ’ ಎಂದನೆನ್ನಿ, ಪಕ್ಕದಲ್ಲಿದ್ದವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ.

1994ರಲ್ಲಿ ಸಿಇಟಿ ಬಂದ ಮೇಲಂತೂ ಕಾರಣ ಕೇಳುವ ಪ್ರಸಂಗವೇ ಉಳಿಯಲಿಲ್ಲ. ಆ ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ ಕೆ.ಆರ್. ಪೇಟೆ ತಾಲ್ಲೂಕಿನ ಅರ್ಧ ಜನಕ್ಕೆ ಬಾಯಿಪಾಠ. ನಾಡಕಚೇರಿಯ ಜಾತಿ-ಆದಾಯದ ಸರ್ಟಿಫಿಕೇಟು, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಗ್ರಾಮೀಣ ಸರ್ಟಿಫಿಕೇಟು, ಕನ್ನಡದಲ್ಲೇ ಓದಿದ್ದಕ್ಕೆ ಇನ್ನೊಂದು, ಹೆಡ್‌ಮಾಸ್ಟರ ಸಹಿ, ಅದರ ಮೇಲೆ ಬಿಇಓ ಸಹಿ. ನೀನು ಯಾರ ಮಗ, ಎಲ್ಲಿ ಓದಿದೆ, ಮನೆಯಲ್ಲಿ ಎಷ್ಟು ಹುಟ್ಟುತ್ತದೆ ಎಂಬುದೆಲ್ಲ ಸರ್ಕಾರಕ್ಕೆ ಬೇಕು. ನಿನಗೆ ಏನಿಷ್ಟ ಎಂಬುದೊಂದು ಬೇಡ. ನಮ್ಮ ಕಾಲದಲ್ಲಿ ಕೌನ್ಸೆಲಿಂಗಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಅಪ್ಪಂದಿರು ಪ್ಲಾಸ್ಟಿಕ್ ಕವರಿನಲ್ಲಿ ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳನ್ನು ಎದೆಗವುಚಿಕೊಂಡು ಕೂತಿರುತ್ತಿದ್ದರು. ಎದುರಿಗೆ ಸೀಟುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ನನ್ನ ಸರದಿ ಬರುವಷ್ಟರಲ್ಲಿ ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಸಿವಿಲ್ ಉಳಿದಿತ್ತು. ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಕಾಲೇಜು, ಮನೆಗೂ ಹತ್ತಿರ. ಸಿವಿಲ್ ಇಂಜಿನಿಯರಿಂಗಿನಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಆ ನಿಮಿಷದಲ್ಲಿ.

ಹೀಗಾಗಿ ನನ್ನ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, ಅಮೆರಿಕದ ಕಾಲೇಜುಗಳ ಅರ್ಜಿಗೆ ಪ್ರಬಂಧ ಬರೆಯಬೇಕು ಎಂದಾಗ ನನ್ನ ಹತ್ತಿರ ಹೇಳಿಕೊಡುವುದಕ್ಕೆ ಏನೂ ಇರಲಿಲ್ಲ. ಅಕ್ಕನನ್ನು ಕೊಟ್ಟಿರುವುದು ಬೂಕನಕೆರೆಗೆ. ಹುಡುಗಿ ಹತ್ತನೇ ತರಗತಿಯ ತನಕ ಅಲ್ಲೇ ಓದಿ, ಪಿಯುಸಿಗೆ ಮೈಸೂರಿನ ನಮ್ಮ ಮನೆಯಲ್ಲಿದ್ದಳು. ನ್ಯೂಜೆರ್ಸಿಯಲ್ಲಿರುವ ಅವಳ ಚಿಕ್ಕಪ್ಪ, ‘ಸಿಇಟಿ ಹೆಂಗೂ ಬರೀತಾಳೆ, ಇದೂ ಒಂದು ಹಾಕ್ಲಿ, ಚೆನ್ನಾಗಿ ಬರೆದ್ರೆ ಪೂರ್ತಿ ಸ್ಕಾಲರ್‌ಶಿಪ್ಪೇ ಸಿಕ್ಕಬಹುದು’ ಎಂದು ಭಾವನ ತಲೆಗೆ ಹುಳ ಬಿಟ್ಟಿದ್ದರು. ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ, ನೂರಾರು ಕಾಲೇಜಿಗೆ ಸಲ್ಲುತ್ತದೆ. ಅದರಲ್ಲಿ ತನ್ನ ಬಗ್ಗೆ ತಾನೇ ಒಂದು ಪ್ರಬಂಧ ಬರೆಯಬೇಕು. ಇನ್ನೂರೈವತ್ತು ಪದಕ್ಕೆ ಕಡಿಮೆಯಿಲ್ಲ, ಆರುನೂರೈವತ್ತು ದಾಟುವಂತಿಲ್ಲ. ಇಂಜಿನಿಯರಿಂಗ್ ಕೇಳುವವರಿಗೆ ಕೆಲವು ಕಾಲೇಜಿನವರು ಇನ್ನೊಂದನ್ನೂ ಕೇಳುತ್ತಾರೆ: ಈ ಆಸಕ್ತಿ ನಿನ್ನಲ್ಲಿ ಮೊದಲು ಹುಟ್ಟಿದ್ದು ಹೇಗೆ?

‘ಯಾವಾಗ ಹುಟ್ತು ಅಂತಾರಲ್ಲ ಮಾವ, ಬರ್ತ್ ಸರ್ಟಿಫಿಕೇಟ್ ಏನಾದ್ರೂ ಬೇಕಂತಾ?’ ಎಂದಳು.

ಮೊದಲ ಕರಡನ್ನು ಅವಳೇ ಬರೆದಳು. ಓದಿದೆ. ಐದನೇ ವಯಸ್ಸಿನಲ್ಲಿ ಲೆಗೊ ಇಟ್ಟಿಗೆಗಳಿಂದ ಸೇತುವೆ ಕಟ್ಟಿದಳಂತೆ. ಕೆಟ್ಟ ರೇಡಿಯೊ ಬಿಚ್ಚಿ ಅದರ ಹೊಟ್ಟೆಯೊಳಗೆ ಏನಿದೆ ಎಂದು ಬೆರಗಾದಳಂತೆ. ಆಮೇಲೆ ಬೀದಿದೀಪದ ಕೆಳಗೆ ಓದಿದ ವಿಶ್ವೇಶ್ವರಯ್ಯ, ಕನ್ನಂಬಾಡಿ ಕಟ್ಟೆ, ದೇಶಸೇವೆ. ಬೂಕನಕೆರೆಯ ಆ ಮನೆಗೆ ಲೆಗೊ ಯಾವತ್ತೂ ಬಂದಿಲ್ಲ ಎಂಬುದು ನನಗೆ ಗೊತ್ತು. ಮಗುವಿನ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ನಾನು ಕೊಟ್ಟ ಮರದ ಕುದುರೆಯನ್ನೇ ಅಕ್ಕ ಇವತ್ತಿಗೂ ಶೋಕೇಸಿನಿಂದ ಕೆಳಗಿಳಿಸಿಲ್ಲ. ರೇಡಿಯೊ ಬಿಚ್ಚಿದ್ದು ಅವಳಲ್ಲ, ಅವಳ ಅಣ್ಣ. ಬಿಚ್ಚಿದ ದಿನ ಅವನಿಗೆ ಬಿದ್ದ ಏಟಿನ ಸದ್ದು ಮೂರು ಮನೆ ಆಚೆ ಕೇಳಿಸಿತ್ತು.

ವಿಶ್ವೇಶ್ವರಯ್ಯನವರ ಮಾತು ಬೇರೆ. ಅವರು ನಮ್ಮ ಸೀಮೆಯ ಯಾವ ಪ್ರಬಂಧಕ್ಕೂ ತಾವಾಗಿಯೇ ಬಂದುಬಿಡುತ್ತಾರೆ. ‘ನಾನು ಇಂಜಿನಿಯರ್ ಆದರೆ’ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರೆ ಇಡೀ ಕ್ಲಾಸು ಅದೇ ಬೀದಿದೀಪದ ಕೆಳಗೆ ಹೋಗಿ ಕೂರುತ್ತದೆ. ಸೆಪ್ಟೆಂಬರ್ 15ರಂದು ಭಾಷಣ, ಮೈಸೂರು ಪೇಟ ತೊಟ್ಟ ಫೋಟೊ, ಚಾಕೊಲೇಟು. ಆದರೆ ಅವರಿಗಾದರೂ ‘ಯಾಕೆ ಇಂಜಿನಿಯರ್’ ಎಂಬ ಪ್ರಶ್ನೆ ಎದುರಾಗಿತ್ತೇ? ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದರು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು, ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರಲ್ಲಿ ಮೊದಲಿಗರಾಗಿ ಪಾಸಾದರು, ಮರುವರ್ಷ ಬೊಂಬಾಯಿ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್. 1951ರಲ್ಲಿ ಆತ್ಮಕಥೆ ಬರೆದಾಗ ಅದನ್ನು ತಮ್ಮ ದುಡಿಮೆಯ ಬದುಕಿನ ನೆನಪುಗಳು ಎಂದೇ ಕರೆದರು. ಬಾಲ್ಯಕ್ಕೆ ಅದರಲ್ಲಿ ಸಿಕ್ಕಿರುವ ಜಾಗ ಬಲು ಕಡಿಮೆ. ವೇತನ ಬಂದ ಕಡೆ ಓದಿದರು, ಓದಿದ್ದರಲ್ಲಿ ಕೆಲಸ ಮಾಡಿದರು. ಈಗಿನ ಅರ್ಜಿಗೆ ಇದನ್ನೇ ಬರೆದು ಕಳಿಸಿದ್ದರೆ ಅವರಿಗೆ ಸೀಟು ಕೊಡುತ್ತಿದ್ದರೋ ಇಲ್ಲವೋ.

ಇದರ ನಡುವೆ ನ್ಯೂಜೆರ್ಸಿಯಿಂದ ಚಿಕ್ಕಪ್ಪನ ಮಗನ ಪ್ರಬಂಧ ಬಂತು, ‘ಸ್ಯಾಂಪಲ್’ ಎಂದು. ಇಬ್ಬರಿಗೂ ಒಂದೇ ವಯಸ್ಸು, ಇಬ್ಬರೂ ಆ ವರ್ಷವೇ ಅರ್ಜಿ ಹಾಕುವವರು. ಅವನ ಮನೆಯ ನೆಲಮಾಳಿಗೆಯಲ್ಲಿ ಲೆಗೊ ಇಟ್ಟಿಗೆಗಳು ಮೂಟೆಗಟ್ಟಲೆ ಬಿದ್ದಿವೆ ಎಂದು ಅಕ್ಕ ಹೋಗಿ ನೋಡಿ ಬಂದು ಹೇಳಿದ್ದಳು. ಅವುಗಳ ಸುದ್ದಿಯೇ ಪ್ರಬಂಧದಲ್ಲಿ ಇಲ್ಲ. ಅವನು ಬರೆದದ್ದು ಬೂಕನಕೆರೆಯ ಬಾವಿಯ ಬಗ್ಗೆ! ರಜಕ್ಕೆ ಬಂದಿದ್ದಾಗ ದೊಡ್ಡಪ್ಪನ ತೋಟದಲ್ಲಿ ಪಂಪ್‌ಸೆಟ್ಟು ಗುಡುಗಿದ್ದು, ಭೂಮಿಯೊಳಗಿಂದ ನೀರು ಧುಮುಕಿದ್ದು, ಅಲ್ಲಿಂದ ಕೆಆರ್‌ಎಸ್‌ಗೆ ಹೋಗಿ ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಟ್ಟೆಯನ್ನು ಮುಟ್ಟಿ ನೋಡಿದ್ದು, ತನ್ನ ರಕ್ತದಲ್ಲೇ ಇಂಜಿನಿಯರಿಂಗ್ ಇದೆ ಅನ್ನಿಸಿದ್ದು. ಚೆನ್ನಾಗಿಯೇ ಬರೆದಿದ್ದ. ಕೆಆರ್‌ಎಸ್ ನೀರು ಹರಿಯುವುದು ಕೆಳಗಣ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ, ಹಿನ್ನೀರಿನ ಮಗ್ಗುಲಲ್ಲಿರುವ ನಮ್ಮ ತಾಲ್ಲೂಕಿಗೆ ದಿಕ್ಕು ಹೇಮಾವತಿ, ಹೇಮಗಿರಿ, ಮಂದಗೆರೆಯ ಅಣೆಗಳು ಎಂಬ ತಕರಾರನ್ನು ನಾನು ಬಾಯಿಗೆ ತರಲಿಲ್ಲ. ರಕ್ತಕ್ಕೆ ಅಚ್ಚುಕಟ್ಟು ಪ್ರದೇಶದ ಲೆಕ್ಕವೆಲ್ಲಿ?

ಅಂತೂ ನಮ್ಮ ಹುಡುಗಿ ಅವನ ಲೆಗೊ ತಂದುಕೊಂಡಿದ್ದಳು, ಅವನು ಇವಳ ಪಂಪ್‌ಸೆಟ್ಟು ಎತ್ತಿಕೊಂಡು ಹೋಗಿದ್ದ. ಅದು ಗೊತ್ತಾದ ಮೇಲೆ ಅವಳಿಗೆ ಸಣ್ಣಗೆ ಉರಿ ಹತ್ತಿತು.

‘ಅವ್ನು ಸ್ಟಾರ್ಟರ್ ಬಟನ್ನೂ ಒತ್ತಿಲ್ಲ ಮಾವ. ಸೊಳ್ಳೆ ಅಂತ ಕಾರ್ ಒಳಗೇ ಕೂತಿದ್ದ.’

‘ಮತ್ತೆ ನೀನ್ಯಾಕವ್ವ ಬರೀಲಿಲ್ಲ?’

‘ಅದು ಕೆಲಸ ಅಲ್ವಾ? ಇಂಟರೆಸ್ಟ್ ಕೇಳವ್ರೆ ಅವ್ರು.’

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಟಕ್ಕೆ ಮಾಡಿದ್ದು ಆಸಕ್ತಿ, ಮನೆಯವರು ಹೇಳಿದರೆಂದು ಮಾಡಿದ್ದು ಚಾಕರಿ. ಅವಳ ಲೆಕ್ಕ ಇಷ್ಟೇ. ನಮ್ಮೂರಿನ ಲೆಕ್ಕವೂ ಅದೇ. ಕೂರಿಸಿಕೊಂಡು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು.

ಅವರ ಮನೆಯದು ಹಳೆಯ ತೆರೆದ ಬಾವಿ, ಐದು ಹೆಚ್‌ಪಿ ಮೋಟಾರು. ಮೋಟಾರನ್ನು ಬಾವಿಯ ದಡದ ಮೇಲೆ ಇಟ್ಟಿಲ್ಲ, ಒಳಗೆ ಅರ್ಧಕ್ಕೆ ಇಳಿದು ಕಲ್ಲುಕಟ್ಟೆಯ ಮೇಲೆ ಕೂರಿಸಿದ್ದಾರೆ. ಯಾಕೆ ಎಂದರೆ ‘ಮೇಲಿಟ್ರೆ ಎತ್ತಲ್ಲ’ ಎಂಬುದು ಊರಿನ ಉತ್ತರ. ಪುಸ್ತಕದ ಉತ್ತರವನ್ನು ಅವಳು ಪಿಯುಸಿಯಲ್ಲಿ ಓದಿಕೊಂಡಿದ್ದಳು. ಪಂಪು ನೀರನ್ನು ಎಳೆಯುವುದಿಲ್ಲ. ಅದು ಪೈಪಿನೊಳಗಿನ ಒತ್ತಡ ಇಳಿಸುತ್ತದೆ, ಹೊರಗಿನ ಗಾಳಿಯ ಭಾರ ನೀರನ್ನು ಮೇಲಕ್ಕೆ ನೂಕುತ್ತದೆ. ಸಮುದ್ರಮಟ್ಟದಲ್ಲೂ ಆ ಭಾರಕ್ಕಿರುವ ತಾಕತ್ತು ಹತ್ತು ಮೀಟರ್ ಚಿಲ್ಲರೆ. ನಮ್ಮಂಥ ಎತ್ತರದ ಸೀಮೆಯಲ್ಲಿ ಇನ್ನೂ ಕಮ್ಮಿ. ಪೈಪಿನ ಘರ್ಷಣೆ, ಕೀಲುಗಳ ಸೋರಿಕೆ ಕಳೆದರೆ ಏಳು ಮೀಟರ್ ದಕ್ಕಿದರೆ ಪುಣ್ಯ. ಬೇಸಗೆಯಲ್ಲಿ ನೀರು ಕೆಳಗಿಳಿದಾಗ ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಮೋಟಾರನ್ನು ಇನ್ನೊಂದು ಕಟ್ಟೆಗೆ ಇಳಿಸುವುದನ್ನು ಅವಳು ಪ್ರತಿ ವರ್ಷ ನೋಡಿದ್ದಾಳೆ. ಪಾಠದಲ್ಲಿ ಆ ಲೆಕ್ಕ ಬಂದ ದಿನ ಇಡೀ ಕ್ಲಾಸಿನಲ್ಲಿ ತನಗೊಬ್ಬಳಿಗೇ ನಗು ಬಂತು ಎಂದಳು.

ಇನ್ನು ಕರೆಂಟು. 2008ರಲ್ಲಿ ಸರ್ಕಾರ ಹತ್ತು ಹೆಚ್‌ಪಿ ತನಕದ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ ಎಂದಾಗ ಮುಖ್ಯಮಂತ್ರಿ ಬೂಕನಕೆರೆಯಲ್ಲೇ ಹುಟ್ಟಿದ ಯಡಿಯೂರಪ್ಪನವರು. ಊರಿನವರು ಇವತ್ತಿಗೂ ಅದನ್ನು ಮನೆಯ ಮಗ ಕೊಡಿಸಿದ ಸೀರೆ ಅನ್ನುವ ಹಾಗೆ ಹೇಳಿಕೊಳ್ಳುತ್ತಾರೆ. ಬಿಲ್ಲಿಲ್ಲ ನಿಜ, ತ್ರೀ ಫೇಸ್ ಬರುವ ಹೊತ್ತಿಗೂ ಗೊತ್ತುಗುರಿಯಿಲ್ಲ. ರಾತ್ರಿ ಬಂದರೆ ರಾತ್ರಿಯೇ ಎದ್ದು ಹೋಗಬೇಕು. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ, ಲೈನ್‌ಮನ್ ಬಂದು ಸರಿಮಾಡಿ ಹೋದ ಮೇಲೆ ಒಂದೊಂದು ಸಲ ಮೋಟಾರು ಗುಂಯ್ಗುಡುತ್ತದೆ, ನೀರು ಮಾತ್ರ ಬರುವುದಿಲ್ಲ. ಉಲ್ಟಾ ತಿರುಗುತ್ತಿರುತ್ತದೆ. ಮೂರು ವೈರಿನಲ್ಲಿ ಯಾವ ಎರಡನ್ನಾದರೂ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಮೋಟಾರಿನ ಹಿಂದಿನ ಫ್ಯಾನು ಯಾವ ಕಡೆ ತಿರುಗುತ್ತಿದೆ ಎಂದು ನೋಡಿ ಹೇಳುವುದು ಐದನೇ ಕ್ಲಾಸಿನಿಂದಲೂ ಅವಳ ಕೆಲಸ. ಫ್ಯೂಸ್ ಕಿತ್ತು ವೈರು ಬದಲಿಸುವುದು ಅಪ್ಪನ ಕೆಲಸ. ಮೂರು ಫೇಸಿನ ಮೋಟಾರನ್ನು ಕಂಡೆನ್ಸರ್ ಹಾಕಿ ಎರಡರಲ್ಲೇ ಓಡಿಸುವ ಕಳ್ಳವಿದ್ಯೆಯೂ, ಅದರಿಂದ ಕಾಯಿಲ್ ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೊರುವುದೂ ಅವಳಿಗೆ ಗೊತ್ತು.

ಇದನ್ನೆಲ್ಲ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇರಲಿಲ್ಲ. ಪೇಟೆಯ ಹುಡುಗಿಯರು ಹಾಸ್ಟೆಲಿನ ಸಾರಿನ ಬಗ್ಗೆ ಹೇಳುವ ದನಿ ಅದು.

ಅಮೆರಿಕದವರಿಗೆ ಈ ಪ್ರಬಂಧದ ಚಾಳಿ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೊರಟರೆ ಸಿಗುವುದು ಅಷ್ಟೇನೂ ಚೆಂದದ ಕಥೆಯಲ್ಲ. ಒಂದು ಕಾಲಕ್ಕೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನುಗಳಿಗೂ ಪರೀಕ್ಷೆ ಪಾಸು ಮಾಡಿದರೆ ಹೆಚ್ಚುಕಮ್ಮಿ ಸಾಕಾಗುತ್ತಿತ್ತು. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳ ಮಕ್ಕಳು ಹಗಲೂ ರಾತ್ರಿ ಓದಿ ಪಾಸಾಗತೊಡಗಿದರು. 1920ರ ದಶಕದಲ್ಲಿ ದೊಡ್ಡಮನೆಯವರಿಗೆ ಕಸಿವಿಸಿಯಾಯಿತು. ಬರೀ ಅಂಕ ಸಾಲದು, ಶೀಲ ನೋಡಬೇಕು, ವ್ಯಕ್ತಿತ್ವ ನೋಡಬೇಕು ಎಂದು ಅರ್ಜಿಗೆ ಹೊಸ ಪ್ರಶ್ನೆಗಳು, ಸಂದರ್ಶನ, ಶಿಫಾರಸು ಪತ್ರ ಎಲ್ಲ ಬಂದವು. ಜೆರೋಮ್ ಕಾರಬೆಲ್ ಎಂಬ ಸಮಾಜಶಾಸ್ತ್ರಜ್ಞರು 2005ರಲ್ಲಿ ಇದರ ಮೇಲೆ ದಪ್ಪನೆಯ ಪುಸ್ತಕವನ್ನೇ ಬರೆದಿದ್ದಾರೆ.

ಅದಕ್ಕಿಂತ ಸ್ವಲ್ಪ ಮುಂಚೆ ಮೈಸೂರು ಸಂಸ್ಥಾನದಲ್ಲೂ ಇದೇ ಅಳತೆಗೋಲಿನ ಜಗಳ ನಡೆದಿತ್ತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜನಕ್ಕೆ ಪಾಲು ಸಿಗುವುದು ಹೇಗೆ ಎಂದು ನೋಡಲು ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೊಂದನ್ನೇ ನೋಡಬೇಕು ಎನ್ನುತ್ತಿದ್ದ ದಿವಾನ್ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಗೆ ಹುದ್ದೆ ಬಿಟ್ಟು ನಡೆದರು. ಅಲ್ಲಿ ಪರೀಕ್ಷೆಯ ಬಿಗಿ ಸಡಿಲಿಸಿದ್ದು ಹೊಸಬರನ್ನು ಹೊರಗಿಡುವುದಕ್ಕೆ, ಇಲ್ಲಿ ಸಡಿಲಿಸಿದ್ದು ಒಳಗೆ ಕರೆಯುವುದಕ್ಕೆ. ನಮ್ಮ ಹಿಂದಿನ ತಲೆಮಾರಿನ ಒಕ್ಕಲು ಮಕ್ಕಳು ಕಚೇರಿಯ ಮೆಟ್ಟಿಲು ಹತ್ತಿದ್ದರಲ್ಲಿ ಮಿಲ್ಲರ್ ವರದಿಯ ಋಣವೂ ಇದೆ. ಗೋಡೆಯ ಮೇಲೆ ಮಾತ್ರ ನಾವು ಒಬ್ಬರ ಫೋಟೊವನ್ನೇ ತೂಗುಹಾಕಿದ್ದೇವೆ.

ಈಗ ಕಾಲ ಬದಲಾಗಿದೆ, ಅಲ್ಲಿಯ ಕಾಲೇಜುಗಳು ಎಲ್ಲ ಬಗೆಯ ಮಕ್ಕಳನ್ನೂ ಹುಡುಕುತ್ತಿವೆ ಎನ್ನುತ್ತಾರೆ. ಇರಬಹುದು. ಆದರೂ ‘ಆಸಕ್ತಿ ಹೇಗೆ ಹುಟ್ಟಿತು’ ಎಂಬ ಪ್ರಶ್ನೆ ಕೇಳುವವರ ಕಣ್ಣ ಮುಂದೆ ಇರುವುದು, ಬಿಚ್ಚಿದ ರೇಡಿಯೊ ಮತ್ತೆ ಹಾಡದಿದ್ದರೆ ಹೊಸದು ಬರುವ ಮನೆ. ಕೆಡಿಸಿ ಕಲಿಯುವುದಕ್ಕೆ ಸವಲತ್ತಿರುವ ಮಗು. ಕೆಟ್ಟದ್ದನ್ನು ಸಂಜೆಯೊಳಗೆ ಓಡಿಸದಿದ್ದರೆ ಪೈರು ಒಣಗುತ್ತದೆ ಎಂಬ ಮನೆಯಲ್ಲಿ ಕಲಿತ ಮಗುವಿಗೆ ತಾನು ಕಲಿತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಹಾಗೆಂದು ನಮ್ಮ ಸಿಇಟಿಯನ್ನು ಹೊಗಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ಏನನ್ನೂ ಕೇಳದಿರುವುದು ಬಡವರಿಗೆ ದೊಡ್ಡ ನೆಮ್ಮದಿ ನಿಜ. ಅದರ ಫಲವಾಗಿ, ನನ್ನ ಜೊತೆ ಸಿವಿಲ್ ಓದಿದವರಲ್ಲಿ ಗಾರೆ ಕೆಲಸ ನೋಡಿಕೊಂಡವರಿಗಿಂತ ಬೆಂಗಳೂರಿನಲ್ಲಿ ಕೋಡ್ ಬರೆದವರೇ ಹೆಚ್ಚು. 2007ರಲ್ಲಿ ಕೆ.ಆರ್. ಪೇಟೆಗೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂತು. ಬಾವಿಯೊಳಗೆ ಇಳಿದು ಮೋಟಾರು ಕೂರಿಸಿದ ಹುಡುಗರು ಅಂಥ ಕಾಲೇಜುಗಳಲ್ಲೆಲ್ಲ ಇದ್ದಾರು. ಅವರನ್ನು ಆ ಬಗ್ಗೆ ಯಾರೂ ಒಂದು ಮಾತು ಕೇಳಿರಲಾರರು.

ಹುಡುಗಿ ಎರಡನೇ ಕರಡು ಬರೆದಳು. ಈ ಸಲ ಲೆಗೊ ಹೋಯಿತು. ಒಂದು ಸಂಜೆಯ ಕಥೆ ಬಂತು. ಅಪ್ಪ ಪೇಟೆಗೆ ಹೋಗಿದ್ದಾರೆ, ಕರೆಂಟು ಬಂದಿದೆ, ಮೋಟಾರು ಓಡುತ್ತಿದೆ, ನೀರಿಲ್ಲ. ಗಾಳಿ ಹಿಡಿದುಕೊಂಡಿದೆ. ಪಂಪಿನ ಬಾಯಿಗೆ ಎಷ್ಟು ನೀರು ಹುಯ್ದರೂ ಪೈಪಿನ ತುದಿಯ ಫುಟ್‌ವಾಲ್ವಿನಿಂದ ಸೋರಿ ಬಾವಿಗೇ ಇಳಿಯುತ್ತಿದೆ, ಒಳಗಿನ ಚರ್ಮದ ವಾಷರು ಸವೆದು ಸಂದಿ ಬಿಟ್ಟಿದೆ. ಹನ್ನೊಂದು ವರ್ಷದ ಹುಡುಗಿ ಕೊಟ್ಟಿಗೆಗೆ ಓಡಿ ಒಂದು ಬಕೆಟ್ಟು ಸಗಣಿ ಕದಡಿಕೊಂಡು ಬಂದು ಪಂಪಿಗೆ ಹುಯ್ಯುತ್ತಾಳೆ. ಸಗಣಿಯ ನಾರು ಹೋಗಿ ಸಂದಿಗೆ ಕೂರುತ್ತದೆ, ನೀರು ನಿಲ್ಲುತ್ತದೆ, ಬಟನ್ ಒತ್ತಿದರೆ ಮೊದಲು ಹಸಿರು ನೀರು, ಆಮೇಲೆ ತಿಳಿ ನೀರು. ನಮ್ಮ ಸೀಮೆಯ ರೈತರಿಗೆಲ್ಲ ಗೊತ್ತಿರುವ ಉಪಾಯ ಇದು. ಇಂಗ್ಲಿಷಿನಲ್ಲಿ ಓದಿದಾಗ ಮಾತ್ರ ನನಗೇ ಹೊಸದಾಗಿ ಕಂಡಿತು. ಕೊನೆಗೆ ಒಂದು ಪ್ಯಾರಾ ವಿಶ್ವೇಶ್ವರಯ್ಯನವರನ್ನು ಉಳಿಸಿಕೊಂಡಿದ್ದಳು, ಬೀದಿದೀಪ ಸಹಿತ. ‘ಇರ್ಲಿ ಮಾವ, ಒಂದು ಧೈರ್ಯ’ ಎಂದಳು.

ವಿಡಿಯೊ ಕಾಲಿನಲ್ಲಿ ಇಬ್ಬರೂ ಒಬ್ಬರ ಪ್ರಬಂಧವನ್ನೊಬ್ಬರು ತಿದ್ದಿದರು. ಅವನು ಅವಳ ವ್ಯಾಕರಣ ಸರಿಮಾಡಿದ. ಅವಳು ಅವನ ಪಂಪು ಸರಿಮಾಡಿದಳು: ಅದು ಡೀಸೆಲ್ ಇಂಜಿನ್ ಅಲ್ಲ, ಅದು ನೀರನ್ನು ಎಳೆಯುವುದೂ ಇಲ್ಲ. ಅವನು ಪಾಪ, ಗಂಭೀರವಾಗಿ ನೋಟ್ಸ್ ಮಾಡಿಕೊಂಡ. ಸೊಳ್ಳೆಯ ವಿಷಯ ಅವಳು ಎತ್ತಲಿಲ್ಲ.

ದಸರೆ ರಜಕ್ಕೆ ಊರಿಗೆ ಹೋದಾಗ ಭಾವ, ‘ಏನ್ ಮೇಷ್ಟ್ರೇ, ಅದೇನೋ ಬರ್ದವ್ಳಂತಲ್ಲ, ಓದಿ ಹೇಳ್ಸಿ ನೋಡಣ’ ಎಂದರು. ಅವಳು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದಳು. ಭಾವ ಬೀಡಿ ಹಚ್ಚುವುದನ್ನೂ ಮರೆತು ಕೇಳಿದರು. ಸಗಣಿಯ ಹತ್ತಿರ ಬರುತ್ತಿದ್ದಂತೆ ಕೈ ಅಡ್ಡ ಹಿಡಿದರು.

‘ನಿಲ್ಸು ಮಗ. ಸಗಣಿ ಹುಯ್ಯಿ ಅಂದವರ‍್ಯಾರು ನಿಂಗೆ?’

‘ಅಜ್ಜಿ.’

‘ಮತ್ತೆ ಅಜ್ಜಿ ಎಲ್ಲವ್ರೆ ಇದ್ರಲ್ಲಿ?’

‘ಅಪ್ಪಾ, ಇದು ನನ್ ಬಗ್ಗೆ ಬರೀಬೇಕಾದ್ದು.’

‘ನಿನ್ ಬಗ್ಗೆ ಬರುದ್ರೆ ಅಜ್ಜಿ ಬರಬಾರ್ದು ಅಂತ ಅಮೇರಿಕದವ್ರು ಹೇಳವ್ರಾ?’

ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯನ್ನೇ ಕೇಳಿದೆವು. ಆಕೆಗೆ ಆ ಸಂಜೆ ನೆನಪಿರಲಿಲ್ಲ. ಫುಟ್‌ವಾಲ್ವು ಅಂದರೂ ಗೊತ್ತಾಗಲಿಲ್ಲ. ಪೈಪಿನ ಕೊನೆಯಲ್ಲಿ ಇರುವ ತೊಗಲು ಎಂದ ಮೇಲೆ ತಲೆಯಾಡಿಸಿದರು. ‘ತೊಗಲು ಅಂದ್ಮೇಲೆ ಸೊರಗ್ತದೆ. ಕಪಿಲೆ ಹೊಡೀವಾಗ್ಲೂ ಹಂಗೇಯ, ನಮ್ ಮಾವನವ್ರು ಅದ್ನ ನೆನೆಹಾಕ್ದೆ ಬಾವಿಗೇ ಇಳುಸ್ತಿರಲಿಲ್ಲ. ಸಂದಿ ಬುಟ್ಕಂಡ್ರೆ ಸಗಣಿ ಮೆತ್ತಾದು. ಕಣಜುಕ್ಕೂ ಅಷ್ಟೇಯ, ಪಂಪಿಗೂ ಅಷ್ಟೇಯ. ಅದುಕ್ಯಾಕೆ ಇಷ್ಟು ಪಂಚಾಯ್ತಿ?’

ಎತ್ತು ಹೂಡಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದ ತೊಗಲು, ರಾಗಿ ತುಂಬುವ ಬಿದಿರಿನ ಕಣಜ, ಐದು ಹೆಚ್‌ಪಿ ಪಂಪು. ಮೂರನ್ನೂ ಒಂದೇ ಉಸಿರಿನಲ್ಲಿ ಕಟ್ಟಿಹಾಕಿ ಅಜ್ಜಿ ಮತ್ತೆ ಅವರೆಕಾಯಿಗೆ ಕೈಹಾಕಿದರು. ಹುಡುಗಿ ಅವರು ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡಳು.

ಆದರೆ ಪ್ರಬಂಧ ಆಗಲೇ ಆರುನೂರೈವತ್ತಕ್ಕೆ ಬಂದು ಮುಟ್ಟಿತ್ತು. ಅಜ್ಜಿಯನ್ನು ಒಳಗೆ ತರಬೇಕಾದರೆ ಯಾರಾದರೂ ಹೊರಗೆ ಹೋಗಲೇಬೇಕು. ಗಾಳಿಯ ಒತ್ತಡದ ಲೆಕ್ಕ ತೆಗೆದುಬಿಡು, ಓದುವವರಿಗೆ ಬೇಜಾರಾಗುತ್ತದೆ ಎಂದು ನ್ಯೂಜೆರ್ಸಿಯಿಂದ ಸಲಹೆ ಬಂತು. ಅವಳು ಒಪ್ಪಲಿಲ್ಲ. ಉಲ್ಟಾ ತಿರುಗುವ ಮೋಟಾರನ್ನು ಬಿಡಲು ಭಾವ ಒಪ್ಪಲಿಲ್ಲ. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಕೂತು ವಿಶ್ವೇಶ್ವರಯ್ಯನವರನ್ನು ತೆಗೆದಳು. ಅಜ್ಜಿ, ಕಪಿಲೆ, ಕಣಜ ಎಲ್ಲ ಬಂದು ಕೂತ ಮೇಲೂ ಒಂದಿಷ್ಟು ಪದಗಳಿಗೆ ಜಾಗ ಉಳಿಯಿತು. ಆ ಜಾಗದಲ್ಲಿ, ಮೋಟಾರು 1996ನೇ ಇಸವಿಯಲ್ಲಿ ತಂದದ್ದು, ಕಾಯಿಲ್ ಎರಡು ಸಲ ಕಟ್ಟಿಸಿದ್ದಾಗಿದೆ, ಬೇರಿಂಗ್ ಇನ್ನೂ ಒರಿಜಿನಲ್ಲೇ ಇದೆ ಎಂದು ಭಾವ ಎದುರಿಗೆ ಕೂತು ಬರೆಸಿದರು.